ನಾಳೆಗೆ ತಳ್ಳಿದ ದುರಸ್ತಿ

‘ಇನ್ನೊಂದು ತಿಂಗಳು ಓಡಿಸಿ ಸಾರ್, ಏನೂ ಆಗಲ್ಲ.’

ಬೆಂಗಳೂರಿನ ಮಲ್ಲತ್ತಹಳ್ಳಿಯ ಸುತ್ತಮುತ್ತ, ಹೊರವರ್ತುಲ ರಸ್ತೆಯ ಬದಿಯ ಗ್ಯಾರೇಜುಗಳಲ್ಲಿ ದಿನಕ್ಕೆ ಹತ್ತು ಸಲವಾದರೂ ಕೇಳಿಬರುವ ಮಾತಿದು. ಸ್ಕೂಟರಿನ ಬ್ರೇಕ್ ಶೂ ಸವೆದಿರುತ್ತದೆ. ತಿಂಗಳ ಕೊನೆಯಾದ್ದರಿಂದ ಜೇಬಿನಲ್ಲಿ ಕಾಸಿರುವುದಿಲ್ಲ. ಮೆಕ್ಯಾನಿಕ್ ಒಂದು ತಿಂಗಳ ವಾಯಿದೆ ಕೊಡುತ್ತಾನೆ, ಸವಾರ ನೆಮ್ಮದಿಯಿಂದ ಮನೆಗೆ ಹೋಗುತ್ತಾನೆ. ವಾಯಿದೆ ತಪ್ಪಿದರೆ ಬೀಳುವವನು ಅವನೇ.

ನೂರೆಂಬತ್ತು ಜನರನ್ನು ಹೊತ್ತು ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ಹಾರುವ ವಿಮಾನದ ವಿಷಯದಲ್ಲೂ ಇದೇ ಮಾತನ್ನು ಆಡಬಹುದೇ? ಕೂಡದು ಎಂದೇ ಬಹಳ ಜನ ಹೇಳಿಯಾರು. ನಿಜಸಂಗತಿ ಬೇರೆ. ಪ್ರಪಂಚದ ಎಲ್ಲ ವಿಮಾನ ಕಂಪನಿಗಳೂ ದಿನನಿತ್ಯ ಈ ಮಾತನ್ನು ಆಡುತ್ತವೆ, ಕಾನೂನೂ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ಯಾವ ದುರಸ್ತಿಯನ್ನು ಮುಂದೂಡಬಹುದು, ಎಷ್ಟು ದಿನ ಮುಂದೂಡಬಹುದು, ಅದಕ್ಕೆ ಸಹಿ ಹಾಕುವವನ ಕೈ ಎಷ್ಟು ಸ್ವತಂತ್ರವಾಗಿದೆ ಎಂಬುದರ ಮೇಲೆ ಪ್ರಯಾಣಿಕರ ಪ್ರಾಣವೂ ಅವರಿಗಿಂತ ಮೊದಲು ಪೈಲಟ್ ಮತ್ತು ಗಗನಸಖಿಯರ ಪ್ರಾಣವೂ ನಿಂತಿದೆ. ವಿಮಾನ ಕಾರ್ಖಾನೆಯ ಊರೆಂದು ಹೆಸರಾದ ಬೆಂಗಳೂರಿಗೆ ಈ ಪಾಠ ಹೊಸದಲ್ಲ.

ಸಾಲದ ಪುಸ್ತಕ

ಒಂದು ಪ್ರಯಾಣಿಕ ವಿಮಾನದಲ್ಲಿ ಲಕ್ಷಗಟ್ಟಲೆ ಬಿಡಿಭಾಗಗಳಿರುತ್ತವೆ. ಯಾವುದೇ ದಿನ ನೋಡಿದರೂ ಅವುಗಳಲ್ಲಿ ಒಂದೆರಡು ಕೆಟ್ಟಿರುವುದು ಸಹಜ. ಓದುವ ದೀಪ ಉರಿಯದಿರಬಹುದು, ಎರಡು ಆಟೊ ಪೈಲಟ್‌ಗಳಲ್ಲಿ ಒಂದು ಮುಷ್ಕರ ಹೂಡಿರಬಹುದು. ಇಂಥ ಪ್ರತಿಯೊಂದಕ್ಕೂ ವಿಮಾನವನ್ನು ನಿಲ್ಲಿಸಿದರೆ ಯಾವ ಕಂಪನಿಯೂ ನಡೆಯದು. ಇದನ್ನು ಬಲ್ಲ ವಿನ್ಯಾಸಕಾರರು ಮುಖ್ಯವಾದ ಸಲಕರಣೆಗಳನ್ನು ಎರಡೆರಡು, ಕೆಲವೆಡೆ ಮೂರು ಮೂರು ಇಟ್ಟಿರುತ್ತಾರೆ. ಒಂದು ಕೈಕೊಟ್ಟರೆ ಇನ್ನೊಂದು ಕೆಲಸ ಮಾಡುತ್ತದೆ.

ಯಾವುದು ಕೆಟ್ಟಿದ್ದರೂ ಹಾರಬಹುದು ಎಂಬುದಕ್ಕೆ ಒಂದು ಪಟ್ಟಿಯಿದೆ. ಅದರ ಹೆಸರು ಕನಿಷ್ಠ ಸಲಕರಣೆ ಪಟ್ಟಿ; ಹ್ಯಾಂಗರಿನ ಆಡುಮಾತಿನಲ್ಲಿ ‘ಮೆಲ್’. ವಿಮಾನದ ಮಾದರಿಗೊಂದು ಮೂಲ ಪಟ್ಟಿ ಇರುತ್ತದೆ. ಅದನ್ನು ಆಧರಿಸಿ ಪ್ರತಿ ಕಂಪನಿಯೂ ತನ್ನದೇ ಪಟ್ಟಿ ಮಾಡಿಕೊಳ್ಳಬೇಕು. ನಮ್ಮ ದೇಶದಲ್ಲಿ ಅದಕ್ಕೆ ಒಪ್ಪಿಗೆ ಕೊಡುವುದು ಡಿಜಿಸಿಎ ಎಂದೇ ಪರಿಚಿತವಾದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಹಾರಾಟದ ಯೋಗ್ಯತೆಗೆ ಸಂಬಂಧಿಸಿದ ಯಾವುದೇ ಭಾಗ ಈ ಪಟ್ಟಿಯಲ್ಲಿ ಇಲ್ಲವೆಂದರೆ ಅದು ಸರಿಯಾಗಿ ಕೆಲಸ ಮಾಡುತ್ತಿರಲೇಬೇಕು.

ಪಟ್ಟಿಯಲ್ಲಿರುವುದಕ್ಕೂ ವಾಯಿದೆ ಉಂಟು. ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಿವೆ. ಎ ವರ್ಗದ ದೋಷಕ್ಕೆ ಪಟ್ಟಿಯಲ್ಲೇ ನಮೂದಿಸಿದ ಅವಧಿ, ಬಿ ವರ್ಗಕ್ಕೆ 3 ದಿನ, ಸಿ ವರ್ಗಕ್ಕೆ 10 ದಿನ, ಡಿ ವರ್ಗಕ್ಕೆ 120 ದಿನ. ದೋಷ ಕಂಡುಬಂದ ದಿನವನ್ನು ಬಿಟ್ಟು ಲೆಕ್ಕ ಹಾಕಬೇಕು. ಇದೊಂದು ಬಗೆಯ ಕೈಸಾಲ. ಪಡೆಯುವುದು ತಪ್ಪಲ್ಲ, ಗಡುವಿನೊಳಗೆ ತೀರಿಸದಿರುವುದು ತಪ್ಪು.

ಈ ಸಾಲದ ಪುಸ್ತಕವೇ ವಿಮಾನದ ಟೆಕ್ನಿಕಲ್ ಲಾಗ್. ಪೈಲಟ್ ತಾನು ಕಂಡ ದೋಷವನ್ನು ಅದರಲ್ಲಿ ಬರೆಯುತ್ತಾನೆ. ಪರವಾನಗಿ ಪಡೆದ ನಿರ್ವಹಣಾ ಇಂಜಿನಿಯರ್ ಅದನ್ನು ಸರಿಪಡಿಸುತ್ತಾನೆ, ಇಲ್ಲವೇ ನಿಯಮದಂತೆ ಮುಂದೂಡಿ ವಿಮಾನ ಹಾರಾಟಕ್ಕೆ ಯೋಗ್ಯವೆಂದು ಸಹಿ ಹಾಕುತ್ತಾನೆ. ಮುಂದಿನ ಹಾರಾಟದ ಕ್ಯಾಪ್ಟನ್ ಅದನ್ನು ಓದಿ ವಿಮಾನವನ್ನು ಒಪ್ಪಿಕೊಳ್ಳಬೇಕು. ಆತನಿಗೆ ಒಪ್ಪಿಗೆಯಾಗದಿದ್ದರೆ ಬೇಡವೆನ್ನುವ ಅಧಿಕಾರವೂ ಉಂಟು. ಹೀಗೆ ಎರಡು ಸಹಿಗಳ ನಡುವೆ ವಿಮಾನ ಮೇಲೇರುತ್ತದೆ.

ಈ ವ್ಯವಸ್ಥೆ ಕೆಡುವ ದಾರಿಗಳೂ ಅಷ್ಟೇನೂ ಗುಟ್ಟಿನವಲ್ಲ. ಗಡುವು ಮುಗಿಯುವ ದಿನ ಹಳೆಯ ದೋಷವನ್ನು ‘ಸರಿಪಡಿಸಲಾಗಿದೆ’ ಎಂದು ಮುಚ್ಚಿ, ಮರುದಿನ ಅದನ್ನೇ ಹೊಸ ದೋಷವೆಂದು ಬರೆಯುವುದು ಒಂದು. ದುರಸ್ತಿ ಮಾಡದೆ ಸ್ವಿಚ್ ಆರಿಸಿ ಮತ್ತೆ ಹಾಕಿ, ‘ಪರೀಕ್ಷಿಸಿದೆ, ಸರಿಯಿದೆ’ ಎಂದು ಷರಾ ಬರೆಯುವುದು ಇನ್ನೊಂದು. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಬರೆಯುವುದನ್ನೇ ಬಿಟ್ಟು, ಒಬ್ಬ ಪೈಲಟ್ ಇನ್ನೊಬ್ಬನಿಗೆ ಬಾಯಿಮಾತಿನಲ್ಲಿ ಹೇಳಿ ಕೈತೊಳೆದುಕೊಳ್ಳುವುದು.

ಇದರ ಬಿಸಿ ಮೊದಲು ತಟ್ಟುವುದು ಸಿಬ್ಬಂದಿಗೆ. ಪ್ರಯಾಣಿಕ ಒಮ್ಮೆ ಹತ್ತಿ ಇಳಿದು ಹೋಗುತ್ತಾನೆ. ಪೈಲಟ್ ಮತ್ತು ಗಗನಸಖಿ ಒಂದೇ ದಿನ ಮೂರು ನಾಲ್ಕು ಬಾರಿ ಹಾರುತ್ತಾರೆ. ಮುಂದೂಡಿದ ಪ್ರತಿಯೊಂದು ದುರಸ್ತಿಯೂ ಅವರ ಕೆಲಸಕ್ಕೆ ಸೇರುವ ಹೊರೆ. ಆಟೊ ಪೈಲಟ್ ಇಲ್ಲವಾದರೆ ಗಂಟೆಗಟ್ಟಲೆ ಕೈಯಿಂದಲೇ ನಡೆಸಬೇಕು, 29 ಸಾವಿರ ಅಡಿಗಿಂತ ಕೆಳಗೆ ಹಾರಬೇಕು, ಇಂಧನ ಹೆಚ್ಚು ಸುಡಬೇಕು. ಹವಾಮಾನ ರೇಡಾರ್ ಕೆಟ್ಟರೆ ಏಪ್ರಿಲ್-ಮೇ ತಿಂಗಳ ಸಂಜೆ ಬೆಂಗಳೂರಿನ ಮೇಲೆ ಕವಿಯುವ ಗುಡುಗು ಮೋಡಗಳ ನಡುವೆ ದಾರಿ ಹುಡುಕುವುದು ಕುರುಡನ ಕೋಲಿನ ನಡಿಗೆಯಾದೀತು. ಒಂದೊಂದೇ ದೋಷ ಸಣ್ಣದು. ನಾಲ್ಕು ಸೇರಿದಾಗ ಏನಾಗುತ್ತದೆಂದು ಯಾವ ಪಟ್ಟಿಯೂ ಪೂರ್ತಿಯಾಗಿ ಹೇಳಲಾರದು.

ಬೆಂಗಳೂರಿನ ಹಳೆಯ ವಿದ್ಯೆ

ಬೆಂಗಳೂರಿನ ಮಟ್ಟಿಗೆ ವಿಮಾನದ ವಿದ್ಯೆ ಬೆಳೆದದ್ದೇ ದುರಸ್ತಿಯಿಂದ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಅವರ ಕನಸು ವಿಮಾನ ತಯಾರಿಕೆ. ಆದರೆ ಮಹಾಯುದ್ಧ ಪೂರ್ವದತ್ತ ಹೊರಳಿದ್ದರಿಂದ ಕೆಲಸದ ಸ್ವರೂಪವೇ ಬದಲಾಯಿತು. 1943ರಲ್ಲಿ ಕಾರ್ಖಾನೆಯ ಹತೋಟಿ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಯಿತು; ಅದು 84ನೇ ಏರ್ ಡಿಪೋ ಎನಿಸಿಕೊಂಡಿತು. ಮೊದಲು ಬಂದದ್ದು ಕ್ಯಾಟಲೀನಾ ಎಂಬ ನೀರಿನ ಮೇಲಿಳಿಯುವ ವಿಮಾನ. ಇಂಥವು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಮುಂದೆ ಭಾರತ-ಬರ್ಮಾ ರಂಗದ ಎಲ್ಲ ಬಗೆಯ ವಿಮಾನಗಳೂ ಇಲ್ಲಿಗೆ ಬಂದವು. ಯುದ್ಧ ಮುಗಿಯುವ ಹೊತ್ತಿಗೆ ಇದು ಪೂರ್ವ ದೇಶಗಳ ಅತಿ ದೊಡ್ಡ ವಿಮಾನ ದುರಸ್ತಿ ಕೇಂದ್ರಗಳಲ್ಲಿ ಒಂದಾಗಿತ್ತು.

ಆ ಕಾಲದ ಒಂದು ಸಾಹಸ ಇಲ್ಲಿ ಹೇಳಬೇಕಾದದ್ದು. ಯುದ್ಧಾನಂತರ ಕಾನ್ಪುರದಲ್ಲಿ ಬಿ-24 ಲಿಬರೇಟರ್ ಬಾಂಬರ್‌ಗಳನ್ನು ಮತ್ತೆ ಹಾರದಂತೆ ಬೇಕೆಂದೇ ಹಾಳುಗೆಡವಿ ಬಿಟ್ಟುಹೋಗಿದ್ದರು. ಸ್ವತಂತ್ರ ಭಾರತಕ್ಕೆ ಬಾಂಬರ್‌ಗಳು ಬೇಕಾಗಿದ್ದವು. ಆ ಅವಶೇಷಗಳನ್ನು ಹಾರಲು ಸಾಕೆನ್ನುವಷ್ಟು ಮಾತ್ರ ಸರಿಪಡಿಸಿ, ಕಾನ್ಪುರದಿಂದ ಬೆಂಗಳೂರಿಗೆ ತರುವ ಕೆಲಸ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನ ಪರೀಕ್ಷಾ ಪೈಲಟ್ ಜಮ್‌ಶೆಡ್ ಮುನ್ಷಿ ಅವರ ಪಾಲಿಗೆ ಬಂತು. 1948ರ ಸುಮಾರಿಗೆ ಒಂದಾದ ಮೇಲೊಂದರಂತೆ ನಲವತ್ತರ ಆಸುಪಾಸು ವಿಮಾನಗಳು ಹೀಗೆ ಬಂದವು. ಬೆಂಗಳೂರಿನಲ್ಲಿ ಮರುಜೀವ ಪಡೆದ ಈ ಲಿಬರೇಟರ್‌ಗಳನ್ನು ವಾಯುಪಡೆ 1968ರವರೆಗೆ ಹಾರಿಸಿತು. ಅವುಗಳಲ್ಲಿ ಕೆಲವು ಇಂದು ವಿದೇಶದ ವಸ್ತುಸಂಗ್ರಹಾಲಯಗಳಲ್ಲಿವೆ.

ಮುನ್ಷಿ ಹಾರಿಸಿದ್ದು ದುರಸ್ತಿಯನ್ನು ಮುಂದೂಡಿದ ವಿಮಾನಗಳನ್ನೇ. ಆದರೆ ಯಾವುದು ಕೆಟ್ಟಿದೆ, ಯಾವುದು ಸರಿಯಿದೆ ಎಂಬುದು ಅವರಿಗೆ ಗೊತ್ತಿತ್ತು. ಹಿಂದೆ ಪ್ರಯಾಣಿಕರಿರಲಿಲ್ಲ. ಇದು ಕಣ್ಣು ತೆರೆದು ಹೊತ್ತ ಅಪಾಯ. ಕಾಗದದಲ್ಲಿ ಎಲ್ಲ ಸರಿಯಿದೆ ಎಂದು ಬರೆದು, ಪೈಲಟನ ಕೈಗೆ ಒಪ್ಪಿಸಿದ ಅಪಾಯ ಬೇರೆ. ಧೈರ್ಯಕ್ಕೂ ಮೋಸಕ್ಕೂ ಇರುವ ಅಂತರವೇ ಇವೆರಡರ ನಡುವಿನ ಅಂತರ.

ಗ್ರೀಸಿನ ಗಡುವು

ಎರಡನೆಯ ಬಗೆಯ ಅಪಾಯಕ್ಕೆ ಬಹುಪಾಲು ಉದಾಹರಣೆಗಳು ದೊರೆಯುವುದು ಹೊರದೇಶಗಳಲ್ಲಿ. ಅಮೆರಿಕದ ಹಳೆಯ ಕಂಪನಿಗಳಲ್ಲಿ ಒಂದಾದ ಈಸ್ಟರ್ನ್ ಏರ್‌ಲೈನ್ಸ್ ಮೇಲೆ 1990ರ ಜುಲೈನಲ್ಲಿ ಕ್ರಿಮಿನಲ್ ಆರೋಪಪಟ್ಟಿ ಸಲ್ಲಿಕೆಯಾಯಿತು. ಮಾಡದ ನಿರ್ವಹಣೆಯನ್ನು ಮಾಡಿದ್ದಾಗಿ ದಾಖಲೆಗಳಲ್ಲಿ ಬರೆಯಲಾಗಿದೆ ಎಂಬುದು ಆರೋಪದ ತಿರುಳು. ಕಂಪನಿ ಆಗಲೇ ಸಾಲದಲ್ಲಿ ಮುಳುಗಿತ್ತು. 1991ರ ಜನವರಿಯಲ್ಲಿ ಅದರ ಹಾರಾಟ ನಿಂತೇಹೋಯಿತು. ಬೊಕ್ಕಸ ಬರಿದಾದಾಗ ಮೊದಲು ಕತ್ತರಿ ಬೀಳುವುದು ಕಣ್ಣಿಗೆ ಕಾಣದ ಕೆಲಸಕ್ಕೆ. ಗಗನಸಖಿಯ ಸಮವಸ್ತ್ರ, ಊಟದ ತಟ್ಟೆ ಎಲ್ಲರಿಗೂ ಕಾಣುತ್ತವೆ. ಬಾಲದೊಳಗಿನ ತಿರುಪಿಗೆ ಗ್ರೀಸು ಹಚ್ಚಿದ್ದಾರೆಯೇ ಎಂಬುದು ಯಾರಿಗೂ ಕಾಣದು.

ಇಂಥ ಒಂದು ತಿರುಪೇ 88 ಜನರ ಪ್ರಾಣ ತೆಗೆಯಿತು. 2000ದ ಜನವರಿ 31ರಂದು ಅಲಾಸ್ಕಾ ಏರ್‌ಲೈನ್ಸ್‌ನ ಎಂಡಿ-83 ವಿಮಾನ ಮೆಕ್ಸಿಕೊದಿಂದ ಸ್ಯಾನ್‌ಫ್ರಾನ್ಸಿಸ್ಕೊ ಕಡೆಗೆ ಹೊರಟಿತ್ತು. ಅದರ ಬಾಲದ ಅಡ್ಡರೆಕ್ಕೆಯನ್ನು ಮೇಲೆ ಕೆಳಗೆ ಆಡಿಸುವುದು ಒಂದು ಉದ್ದ ತಿರುಪು ಮತ್ತು ಅದನ್ನು ಹಿಡಿದ ನಟ್ಟು. ತಿರುಪು ಒಣಗಿದರೆ ನಟ್ಟಿನ ಎಳೆಗಳು ಸವೆಯುತ್ತವೆ. ಆದ್ದರಿಂದ ಆಗಾಗ ಗ್ರೀಸು ಹಚ್ಚಬೇಕು, ಸವೆತವನ್ನು ಅಳೆಯಬೇಕು. ಕಂಪನಿ ಗ್ರೀಸು ಹಚ್ಚುವ ಅಂತರವನ್ನು ವರ್ಷದಿಂದ ವರ್ಷಕ್ಕೆ ಹಿಗ್ಗಿಸುತ್ತ ಹೋಯಿತು. 1996ರ ಹೊತ್ತಿಗೆ ಅದು ಎಂಟು ತಿಂಗಳಿಗೊಮ್ಮೆ ಎಂದಾಯಿತು. ಈ ಬದಲಾವಣೆಗೆ ಸರ್ಕಾರದ ಒಪ್ಪಿಗೆಯೂ ಇತ್ತು!

1997ರ ಸೆಪ್ಟೆಂಬರ್‌ನಲ್ಲಿ ಇದೇ ವಿಮಾನದ ದೊಡ್ಡ ತಪಾಸಣೆ ನಡೆದಾಗ ಸವೆತ ಅನುಮತಿಸಿದ ಕೊನೆಯ ಗೆರೆಯನ್ನು ಮುಟ್ಟಿರುವುದು ಕಂಡುಬಂತು. ಆ ಪಾಳಿಯ ಮೆಕ್ಯಾನಿಕ್ ನಟ್ಟು ಬದಲಿಸಬೇಕೆಂದು ಬರೆದಿಟ್ಟರು. ಮುಂದಿನ ಪಾಳಿಯವರು ಮತ್ತೆ ಮತ್ತೆ ಅಳೆದರು. ಈ ಬಾರಿ ಅಳತೆ ಮಿತಿಯೊಳಗೆ ಬಂತು. ವಿಮಾನ ಹಾರಾಟಕ್ಕೆ ಮರಳಿತು. ಎರಡು ವರ್ಷ ನಾಲ್ಕು ತಿಂಗಳ ಬಳಿಕ ಆ ನಟ್ಟಿನ ಎಳೆಗಳು ಆಕಾಶದಲ್ಲಿ ಪೂರ್ತಿಯಾಗಿ ಕಿತ್ತುಬಂದವು. ಮೊದಲ ಸಲ ವಿಮಾನ ಕೆಳಮುಖವಾಗಿ ನುಗ್ಗಿದಾಗ ಇಬ್ಬರು ಪೈಲಟ್‌ಗಳು ಮೈಯ ಬಲವೆಲ್ಲ ಹಾಕಿ ಎಳೆದು ಅದನ್ನು ಹತೋಟಿಗೆ ತಂದರು. ಸುಮಾರು ಹತ್ತು ನಿಮಿಷದ ಬಳಿಕ ತಿರುಪು ಕೈಬಿಟ್ಟಿತು. ವಿಮಾನ ಮಗುಚಿ ಪೆಸಿಫಿಕ್ ಸಾಗರಕ್ಕೆ ಬಿದ್ದಿತು. ತಿರುಪಿನ ಕೆಲಸ ಮಾಡುವ ಭಾಗದಲ್ಲಿ ಗ್ರೀಸಿನ ಗುರುತೇ ಇರಲಿಲ್ಲ ಎಂದು ತನಿಖೆ ಹೇಳಿತು.

ಇನ್ನೊಂದು ದುರಂತ ನಮ್ಮ ಏಷ್ಯಾದ್ದು. 2014ರ ಡಿಸೆಂಬರ್ 28ರಂದು ಇಂಡೊನೇಷ್ಯಾದ ಸುರಬಯಾದಿಂದ ಸಿಂಗಪುರಕ್ಕೆ ಹೊರಟ ಏರ್ ಏಷ್ಯಾದ ಏರ್‌ಬಸ್ ಎ-320 ಜಾವಾ ಸಮುದ್ರಕ್ಕೆ ಬಿದ್ದು 162 ಜನ ಸತ್ತರು. ಬಾಲದ ಚುಕ್ಕಾಣಿಯ ಚಲನೆಯನ್ನು ಮಿತಿಯಲ್ಲಿಡುವ ಒಂದು ವಿದ್ಯುತ್ ಘಟಕದ ಬೆಸುಗೆಯಲ್ಲಿ ಕೂದಲೆಳೆಯಂಥ ಬಿರುಕಿತ್ತು. ಹಿಂದಿನ ಹನ್ನೆರಡು ತಿಂಗಳಲ್ಲಿ ಆ ಘಟಕದ ದೋಷ 23 ಸಲ ದಾಖಲಾಗಿತ್ತು. ಪ್ರತಿ ಸಲವೂ ತತ್ಕಾಲದ ಉಪಾಯ ನಡೆಯಿತು, ಬೇರು ಹುಡುಕಲಿಲ್ಲ.

ಕೊನೆಯ ಹಾರಾಟದಲ್ಲಿ ಎಚ್ಚರಿಕೆಯ ಗಂಟೆ ಮತ್ತೆ ಮತ್ತೆ ಹೊಡೆದಾಗ ಪೈಲಟ್‌ಗಳು ಕಂಪ್ಯೂಟರಿನ ಸರ್ಕಿಟ್ ಬ್ರೇಕರನ್ನು ಎಳೆದು ಹಾಕಿದರು ಎಂದು ತನಿಖೆ ಅಭಿಪ್ರಾಯಪಟ್ಟಿತು. ಕೆಲವೇ ದಿನಗಳ ಹಿಂದೆ ನೆಲದ ಮೇಲೆ ಇಂಜಿನಿಯರ್ ಒಬ್ಬರು ಹಾಗೆ ಮಾಡಿದ್ದನ್ನು ಕ್ಯಾಪ್ಟನ್ ಕಂಡಿದ್ದರು. ನೆಲದ ಮೇಲೆ ಅದು ಸರಿ. ಆಕಾಶದಲ್ಲಿ ಆಟೊ ಪೈಲಟ್ ಕಳಚಿತು, ವಿಮಾನ ಒಂದು ಪಕ್ಕಕ್ಕೆ ವಾಲಿತು. ಗಾಬರಿಯಲ್ಲಿ ಮೂತಿಯನ್ನು ಮೇಲೆತ್ತಿದ್ದರಿಂದ ಅದು ಹಾರುವ ಶಕ್ತಿಯನ್ನೇ ಕಳೆದುಕೊಂಡಿತು. ಪೈಲಟ್‌ಗಳ ತಪ್ಪಿತ್ತು ಎಂಬುದು ನಿಜ. ಆದರೆ ಆ ತಪ್ಪು ಮಾಡುವ ಸಂದರ್ಭವನ್ನು ತಂದೊಡ್ಡಿದ್ದು ಹ್ಯಾಂಗರಿನಲ್ಲಿ ಇಪ್ಪತ್ತಮೂರು ಸಲ ತಳ್ಳಿಹಾಕಿದ ಒಂದು ಸಣ್ಣ ಕೆಲಸ.

ಸಂಬಳವಿಲ್ಲದ ಸಹಿ

ಕರ್ನಾಟಕದಲ್ಲಿ ಇಂಥ ಅಪಘಾತ ಆಗಿಲ್ಲವೇ ಎಂದು ಓದುಗರು ಕೇಳಬಹುದು. ರಾಜ್ಯ ಕಂಡ ಎರಡು ದೊಡ್ಡ ವಿಮಾನ ದುರಂತಗಳಿಗೂ ನಿರ್ವಹಣೆಯ ಲೋಪ ಕಾರಣವಲ್ಲ. 1990ರ ಫೆಬ್ರುವರಿ 14ರಂದು ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಬಿದ್ದು 146 ಜನರಲ್ಲಿ 92 ಮಂದಿ ಸತ್ತಾಗ ಆ ವಿಮಾನಕ್ಕೆ ಎರಡು ತಿಂಗಳೂ ತುಂಬಿರಲಿಲ್ಲ. 2010ರ ಮೇ 22ರ ಮಂಗಳೂರು ದುರಂತದ ವಿಮಾನದಲ್ಲೂ ಯಾಂತ್ರಿಕ ದೋಷ ಕಂಡುಬರಲಿಲ್ಲ. ಆದರೆ ಅಪಘಾತವಾಗದೆಯೇ ಈ ಪ್ರಶ್ನೆ ಬೆಂಗಳೂರನ್ನು ಇನ್ನೊಂದು ರೂಪದಲ್ಲಿ ಎದುರಿಸಿತು. ಅದು ಕಿಂಗ್‌ಫಿಷರ್ ಏರ್‌ಲೈನ್ಸ್ ಕಥೆ.

ಯುಬಿ ಸಮೂಹದ ವಿಜಯ್ ಮಲ್ಯ ಸ್ಥಾಪಿಸಿದ, ಬೆಂಗಳೂರಿನಲ್ಲಿ ನೋಂದಾಯಿತ ಕಚೇರಿ ಹೊಂದಿದ್ದ ಈ ಕಂಪನಿ 2005ರ ಮೇ 9ರಂದು ಹಾರಾಟ ಆರಂಭಿಸಿತು. ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಆರಂಭಿಸಿದ್ದ ಅಗ್ಗದ ದರದ ಏರ್ ಡೆಕ್ಕನ್ ಕೂಡ 2008ರಲ್ಲಿ ಇದರೊಂದಿಗೆ ಬೆರೆಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಿಂದ ಲಂಡನ್‌ಗೆ ನೇರ ಹಾರಾಟವೂ ಶುರುವಾಯಿತು. ಕಂಪನಿಯ ಬಳಿ ಅರವತ್ತಕ್ಕೂ ಹೆಚ್ಚು ವಿಮಾನಗಳಿದ್ದ ಕಾಲವದು. ಹೊರಗಿನ ಥಳಕು ಎಷ್ಟಿದ್ದರೂ ಲೆಕ್ಕದ ಪುಸ್ತಕದಲ್ಲಿ ನಷ್ಟದ ಮೇಲೆ ನಷ್ಟ.

2011ರ ಕೊನೆಗೆ ಹಾರಾಟಗಳು ಒಂದೊಂದಾಗಿ ರದ್ದಾಗತೊಡಗಿದವು. ಸಂಬಳ ತಡವಾಯಿತು, ಪೈಲಟ್‌ಗಳು ಬಿಟ್ಟುಹೋದರು, ಬಿಡಿಭಾಗಗಳಿಲ್ಲದೆ ವಿಮಾನಗಳು ನಿಂತವು. ನಿಂತ ವಿಮಾನದ ಭಾಗವನ್ನು ಕಳಚಿ ಹಾರುವ ವಿಮಾನಕ್ಕೆ ಹಾಕಲಾಗುತ್ತಿದೆ ಎಂಬ ವರದಿಗಳು ಪ್ರಕಟವಾದವು. ಸರಿಯಾಗಿ ದಾಖಲಿಸಿದರೆ ಇದೂ ಕಾನೂನುಬಾಹಿರವಲ್ಲ. ಆದರೆ ಒಂದು ಮನೆಯ ಹೆಂಚು ತೆಗೆದು ಇನ್ನೊಂದು ಮನೆಗೆ ಹೊದಿಸುವವನ ಬಳಿ ಹೊಸ ಹೆಂಚಿಗೆ ಹಣವಿಲ್ಲ ಎಂಬುದು ಯಾರಿಗೂ ಅರ್ಥವಾಗುವ ಮಾತು. ಹಣದ ಮುಗ್ಗಟ್ಟು ಸುರಕ್ಷತೆಯನ್ನು ತಟ್ಟಬಹುದು ಎಂಬ ಆತಂಕ 2012ರ ಆರಂಭದಲ್ಲಿ ಡಿಜಿಸಿಎ ನಡೆಸಿದ ಪರಿಶೀಲನೆಯಲ್ಲೂ ವ್ಯಕ್ತವಾಯಿತು.

2012ರ ಸೆಪ್ಟೆಂಬರ್ ಹೊತ್ತಿಗೆ ಹಾರುತ್ತಿದ್ದ ವಿಮಾನಗಳು ಸುಮಾರು ಹತ್ತು. ಇಂಜಿನಿಯರ್‌ಗಳಿಗೆ ಮಾರ್ಚ್ ತಿಂಗಳಿಂದ ಸಂಬಳವಿರಲಿಲ್ಲ. ತಿಂಗಳ ಕೊನೆಗೆ ಅವರು ಕೆಲಸ ನಿಲ್ಲಿಸಿದರು. ಅವರು ಗಲಾಟೆ ಮಾಡಿ ವಿಮಾನಗಳನ್ನು ತಡೆಯಬೇಕಾಗಿರಲಿಲ್ಲ. ಪೆನ್ನನ್ನು ಕೆಳಗಿಟ್ಟರೆ ಸಾಕಿತ್ತು. ಯೋಗ್ಯತಾ ಸಹಿಯಿಲ್ಲದ ವಿಮಾನವನ್ನು ಯಾವ ಪೈಲಟನೂ ಹಾರಿಸುವಂತಿಲ್ಲ. ಅಕ್ಟೋಬರ್ 1ರಿಂದ ಇಡೀ ಕಂಪನಿಯ ಹಾರಾಟ ನಿಂತಿತು. ಅಕ್ಟೋಬರ್ 20ರಂದು ಡಿಜಿಸಿಎ ಪರವಾನಗಿಯನ್ನು ಅಮಾನತು ಮಾಡಿತು. ಡಿಸೆಂಬರ್ 31ಕ್ಕೆ ಅದರ ಅವಧಿಯೂ ಮುಗಿಯಿತು. ಕಿಂಗ್‌ಫಿಷರ್ ಮತ್ತೆ ಮೇಲೇರಲಿಲ್ಲ.

ಈ ಘಟನೆಯನ್ನು ಪತ್ರಿಕೆಗಳು ಬಹುಮಟ್ಟಿಗೆ ಸಂಬಳದ ಜಗಳವೆಂದೇ ಬರೆದವು. ಅದು ಸಂಬಳದ ಜಗಳ ಹೌದು. ಅದರೊಳಗೆ ಸುರಕ್ಷತೆಯ ಪ್ರಶ್ನೆಯೂ ಅಡಗಿತ್ತು. ಏಳು ತಿಂಗಳು ಮನೆಬಾಡಿಗೆ ಕಟ್ಟಲಾಗದ, ಮಕ್ಕಳ ಶಾಲೆಯ ಶುಲ್ಕಕ್ಕೆ ಸಾಲ ಮಾಡಿದ ಮನುಷ್ಯ ನಡುರಾತ್ರಿ ಹ್ಯಾಂಗರಿನಲ್ಲಿ ಟಾರ್ಚು ಹಿಡಿದು ಇಂಜಿನಿನ ಒಳಗೆ ಇಣುಕುತ್ತಾನೆ. ಬದಲಿಸಬೇಕಾದ ಭಾಗ ಉಗ್ರಾಣದಲ್ಲಿಲ್ಲ. ಬೆಳಗಿನ ಆರು ಗಂಟೆಯ ವಿಮಾನ ಹೊರಡದಿದ್ದರೆ ಕಂಪನಿ ಮುಳುಗುತ್ತದೆ. ಕಂಪನಿ ಮುಳುಗಿದರೆ ಬಾಕಿ ಸಂಬಳವೂ ಮುಳುಗುತ್ತದೆ. ಇಂಥ ಸ್ಥಿತಿಯಲ್ಲಿ ಅವನು ಹಾಕುವ ಸಹಿ ಎಷ್ಟರಮಟ್ಟಿಗೆ ಅವನದು? ಕಿಂಗ್‌ಫಿಷರ್ ತನ್ನ ಏಳು ವರ್ಷಗಳಲ್ಲಿ ಒಂದೂ ಪ್ರಾಣಹಾನಿಯ ಅಪಘಾತ ಕಾಣದೆ ಮುಚ್ಚಿತು. ಅದರ ಸ್ವಲ್ಪ ಶ್ರೇಯಸ್ಸಾದರೂ ಕೊನೆಗೆ ಪೆನ್ನು ಕೆಳಗಿಟ್ಟವರಿಗೆ ಸಲ್ಲಬೇಕು.

ಮುಂದೂಡಿದ ವಿಶ್ರಾಂತಿ

ವಿಮಾನದಲ್ಲಿ ನಿರ್ವಹಣೆ ಬೇಡುವ ಇನ್ನೊಂದು ಭಾಗ ಮನುಷ್ಯ. ಅವನ ನಿದ್ದೆ, ಊಟ, ತರಬೇತಿಗೂ ಗಡುವುಗಳಿವೆ, ಅವುಗಳನ್ನೂ ಮುಂದೂಡಲಾಗುತ್ತದೆ. ಮಂಗಳೂರು ದುರಂತ ಇದಕ್ಕೆ ಸಾಕ್ಷಿ. ದುಬೈಯಿಂದ ರಾತ್ರಿ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ ಬೆಳಗಿನ ಆರರ ಹೊತ್ತಿಗೆ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಉರುಳಿತು. 166 ಜನರಲ್ಲಿ ಬದುಕಿದವರು ಎಂಟೇ ಮಂದಿ. ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ವಿಚಾರಣೆ, ಕ್ಯಾಪ್ಟನ್ ಹಾರಾಟದ ಬಹುಭಾಗ ನಿದ್ರಿಸಿದ್ದರು ಎಂದು ಕಂಡುಕೊಂಡಿತು. ಧ್ವನಿಮುದ್ರಿಕೆಯ ಮೊದಲ ಒಂದು ಗಂಟೆ ನಲವತ್ತು ನಿಮಿಷ ಪೈಲಟ್‌ಗಳ ನಡುವೆ ಮಾತೇ ಇರಲಿಲ್ಲ, ಗೊರಕೆಯ ಸದ್ದಿತ್ತು. ಇಳಿಯುವ ಹೊತ್ತಿಗೆ ಅವರು ನಿದ್ದೆಯ ಮಂಪರಿನಿಂದ ಪೂರ್ತಿ ಹೊರಬಂದಿರಲಿಲ್ಲ. ಮತ್ತೊಂದು ಸುತ್ತು ಹಾಕೋಣವೆಂದು ಸಹಪೈಲಟ್ ಮೂರು ಸಲ ಹೇಳಿದರೂ ವಿಮಾನ ಇಳಿಯಿತು.

ಇದಾಗಿ ಸುಮಾರು ಹದಿನಾಲ್ಕು ವರ್ಷದ ಮೇಲೆ, 2024ರ ಜನವರಿಯಲ್ಲಿ, ಡಿಜಿಸಿಎ ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸುವ, ರಾತ್ರಿ ವೇಳೆಯ ಇಳಿತಗಳನ್ನು ಆರರಿಂದ ಎರಡಕ್ಕೆ ಇಳಿಸುವ ನಿಯಮ ಪ್ರಕಟಿಸಿತು. ಅದು ಜಾರಿಯಾಗಬೇಕಿದ್ದದ್ದು ಆ ವರ್ಷದ ಜೂನ್‌ನಲ್ಲಿ. ಕಂಪನಿಗಳ ವಿರೋಧದಿಂದ ಮುಂದಕ್ಕೆ ಹೋಯಿತು. ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದ ಬಳಿಕ 2025ರ ಜುಲೈ ಮತ್ತು ನವೆಂಬರ್‌ನಲ್ಲಿ ಎರಡು ಕಂತುಗಳಲ್ಲಿ ಜಾರಿಗೆ ಬಂತು. ಡಿಸೆಂಬರ್ ಮೊದಲ ವಾರ ಇಂಡಿಗೊ ಸಾವಿರಾರು ಹಾರಾಟಗಳನ್ನು ರದ್ದು ಮಾಡಿದಾಗ ಬೆಂಗಳೂರಿನ ನಿಲ್ದಾಣದಲ್ಲೂ ಜನ ಸೂಟ್‌ಕೇಸುಗಳ ಮೇಲೆಯೇ ರಾತ್ರಿ ಕಳೆಯಬೇಕಾಯಿತು. ಕೊನೆಗೆ ಆ ಕಂಪನಿಗೆ 2026ರ ಫೆಬ್ರುವರಿ 10ರವರೆಗೆ ಕೆಲವು ನಿಯಮಗಳಿಂದ ವಿನಾಯಿತಿ ಸಿಕ್ಕಿತು. ಸವೆದ ನಟ್ಟಿಗೆ ಕೊಟ್ಟಂತೆಯೇ ದಣಿದ ಮೈಗೂ ಮತ್ತೊಂದು ವಾಯಿದೆ!

ದಾಖಲೆಯಲ್ಲಿ ಮಾತ್ರ ಆದ ದುರಸ್ತಿ

ಯಂತ್ರದ ದುರಸ್ತಿಯ ವಿಷಯವೂ ಹಳೆಯ ಕಥೆಯಾಗಿಲ್ಲ. 2025ರ ಮಾರ್ಚ್‌ನಲ್ಲಿ ಡಿಜಿಸಿಎ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ಗೆ ಛೀಮಾರಿ ಹಾಕಿದ ಸಂಗತಿ ಜುಲೈನಲ್ಲಿ ಹೊರಬಿತ್ತು. ಬೆಂಗಳೂರಿನಿಂದ 2014ರಲ್ಲಿ ಹಾರಾಟ ಆರಂಭಿಸಿದ ಏರ್ ಏಷ್ಯಾ ಇಂಡಿಯಾ 2024ರಲ್ಲಿ ವಿಲೀನವಾದದ್ದು ಇದೇ ಕಂಪನಿಯಲ್ಲಿ. ಯುರೋಪಿನ ಸುರಕ್ಷತಾ ಸಂಸ್ಥೆಯ ಆದೇಶದಂತೆ ಒಂದು ಏರ್‌ಬಸ್ ಎ-320ರ ಇಂಜಿನಿನ ಭಾಗಗಳನ್ನು ಗಡುವಿನೊಳಗೆ ಬದಲಿಸಬೇಕಿತ್ತು, ಬದಲಿಸಲಿಲ್ಲ. ಬದಲಿಸಿದಂತೆ ತೋರಿಸಲು ದಾಖಲೆಗಳನ್ನು ತಿದ್ದಲಾಗಿತ್ತು ಎಂದೂ ಡಿಜಿಸಿಎ ಹೇಳಿತು. ದಾಖಲೆಗಳನ್ನು ತಂತ್ರಾಂಶಕ್ಕೆ ವರ್ಗಾಯಿಸುವಾಗ ದಿನಾಂಕ ಕಣ್ತಪ್ಪಿತು, ಗೊತ್ತಾದ ಕೂಡಲೇ ಸರಿಪಡಿಸಿದೆವು ಎಂಬುದು ಕಂಪನಿಯ ವಿವರಣೆ. ಅದು ತಪ್ಪನ್ನು ಒಪ್ಪಿಕೊಂಡು ಹೊಣೆಗಾರರ ಮೇಲೆ ಕ್ರಮ ಕೈಗೊಂಡಿತು.

ಯಾರಿಗೂ ಪೆಟ್ಟಾಗಲಿಲ್ಲ ನಿಜ. ಆದರೆ ಆ ದಿನಗಳಲ್ಲಿ ಆ ವಿಮಾನವನ್ನು ಹಾರಿಸಿದ ಪೈಲಟ್‌ಗಳು ದಾಖಲೆಗಳನ್ನು ನಂಬಿ ಅದನ್ನು ಒಪ್ಪಿಕೊಂಡಿದ್ದರು. ಎರಡು ಸಹಿಗಳ ವ್ಯವಸ್ಥೆ ನಿಂತಿರುವುದೇ ಈ ನಂಬಿಕೆಯ ಮೇಲೆ. ಮೊದಲ ದಾಖಲೆ ಸುಳ್ಳಾದರೆ ಎರಡನೆಯ ಸಹಿಗೆ ಅರ್ಥವಿಲ್ಲ.

ಹಾಗಾದರೆ ಉಪಾಯವೇನು? ನಿಯಮಗಳಿಗೆ ಕೊರತೆಯಿಲ್ಲ. 1934ರ ವಿಮಾನ ಕಾಯಿದೆಯ ಜಾಗದಲ್ಲಿ ಹೊಸ ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಜಾರಿಗೆ ಬಂದಿದೆ. ಕೊರತೆಯಿರುವುದು ‘ಆಗದು’ ಎನ್ನಬಲ್ಲವರಿಗೆ ಸಿಗುವ ರಕ್ಷಣೆಯಲ್ಲಿ. ಅಲಾಸ್ಕಾ ವಿಮಾನದ ನಟ್ಟು ಬದಲಿಸಬೇಕೆಂದ ಮೆಕ್ಯಾನಿಕ್‌ನ ಮಾತು ಒಂದು ಪಾಳಿಯಲ್ಲಿ ಅಳಿಸಿಹೋಯಿತು. ಮಂಗಳೂರಿನ ಸಹಪೈಲಟ್ ಮೂರು ಸಲ ಹೇಳಿದ್ದು ನಡೆಯಲಿಲ್ಲ. ಕಿಂಗ್‌ಫಿಷರ್‌ನ ಇಂಜಿನಿಯರ್‌ಗಳ ಮಾತು ನಡೆಯಿತು, ಆದರೆ ಅದಕ್ಕೆ ಅವರು ತೆತ್ತ ಬೆಲೆ ನೌಕರಿ. ಇಂಜಿನಿಯರಿಗೆ ಹೊತ್ತಿಗೆ ಸಂಬಳ, ಉಗ್ರಾಣದಲ್ಲಿ ಬಿಡಿಭಾಗ, ತಡವಾದುದಕ್ಕೆ ವಿವರಣೆ ಕೇಳದ ಮೇಲಧಿಕಾರಿ, ಮುನ್ಸೂಚನೆಯಿಲ್ಲದೆ ಬಂದು ನೋಡುವ ತಪಾಸಣೆಗಾರ ಇವಿಷ್ಟಿದ್ದರೆ ಉಳಿದದ್ದನ್ನು ಅವನ ವಿದ್ಯೆಯೇ ನೋಡಿಕೊಳ್ಳುತ್ತದೆ. ಆ ವಿದ್ಯೆಗೆ ಬೆಂಗಳೂರಿನಲ್ಲಿ ಎಂಬತ್ತು ವರ್ಷಗಳ ಬೇರಿದೆ.

ಪ್ರಯಾಣಿಕರ ಪಾಲಿಗೂ ಒಂದು ಸಣ್ಣ ಕರ್ತವ್ಯ ಉಳಿಯುತ್ತದೆ. ದೇವನಹಳ್ಳಿಯ ನಿಲ್ದಾಣದಲ್ಲಿ ‘ತಾಂತ್ರಿಕ ಕಾರಣದಿಂದ ವಿಮಾನ ಎರಡು ಗಂಟೆ ತಡ’ ಎಂಬ ಪ್ರಕಟಣೆ ಕೇಳಿದಾಗ ಸಿಟ್ಟು ಬರುವುದು ಸಹಜ. ಮದುವೆಯ ಮುಹೂರ್ತ ತಪ್ಪೀತು, ಸಂದರ್ಶನ ಕೈಬಿಟ್ಟೀತು. ಆದರೆ ಆ ಎರಡು ಗಂಟೆಗಳಲ್ಲಿ ಎಲ್ಲೋ ಒಬ್ಬ ಇಂಜಿನಿಯರ್ ಸಹಿ ಹಾಕಲು ಒಪ್ಪದೆ ಬಿಡಿಭಾಗಕ್ಕೆ ಕಾಯುತ್ತಿರಬಹುದು. ಒಬ್ಬ ಕ್ಯಾಪ್ಟನ್ ಪುಸ್ತಕ ಓದಿ ತಲೆಯಾಡಿಸಿರಬಹುದು. ಕೌಂಟರಿನ ಮುಂದೆ ಕೂಗಾಡುವ ಮುನ್ನ ಇದನ್ನು ನೆನೆದರೆ ಒಳ್ಳೆಯದು.